ಸುಧಳ ತಲೆ ಮುಟ್ಟಿದ ಕಾಗೆ

ಅಕ್ಕಿಹೆಬ್ಬಾಳಿನ ಅಜ್ಜಿ ಮನೆಯ ಹಿತ್ತಲಲ್ಲಿ ಸುಧ ಕನ್ನಡಿ ಹಿಡಿದು ಸಿಟ್ಟು ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಆಗ ತೆಂಗಿನ ಗರಿಯಿಂದ ಒಂದು ಕಾಗೆ ಇಳಿದು ಅವಳ ತಲೆಯ ಮೇಲೆ ಕೂತು, ಜಾಗ ಹಿಡಿಸದ ನೆಂಟರಂತೆ ತಕ್ಷಣ ಎದ್ದು ಹೋಯಿತು.

ಅದನ್ನು ಅಜ್ಜಿ ಚಲುವಮ್ಮ ನೋಡಿಬಿಟ್ಟಳು. ಕೈಯಲ್ಲಿದ್ದ ಮೊರ ನೆಲಕ್ಕೆ ಬಿತ್ತು.

"ಅಯ್ಯಯ್ಯಪ್ಪೋ! ಕಾಗೆ ತಲೆ ಮುಟ್ಬುಡ್ತಲ್ಲವ್ವಾ!"

"ಮುಟ್ಲಿ ಬುಡಜ್ಜಿ. ನಾಳೆ ನನ್ ಡೈಲಾಗು ಅದೆ."

ಡೈಲಾಗೆಂದರೆ ಸಾಮಾನ್ಯದ್ದಲ್ಲ. ಟೀವಿ ಧಾರಾವಾಹಿಯೊಂದರಲ್ಲಿ ಸುಧ ಒಂದು ವರ್ಷದಿಂದ ಕಿರಿಸೊಸೆ. ವಾರವಾರವೂ ಕಾಫಿ ಟ್ರೇ ಹಿಡಿದು ಬಂದು, ಅತ್ತೆಯ ಮುಂದಿಟ್ಟು, ತಲೆ ತಗ್ಗಿಸಿ ಒಳಗೆ ಹೋಗುವುದಷ್ಟೇ ಅವಳ ನಟನೆ. ನಾಳೆ ಮಾತ್ರ ಆ ಟ್ರೇಯನ್ನು ನೆಲಕ್ಕೆಸೆದು ಅತ್ತೆಗೆ ಒಂದು ಪುಟ ಎದುರು ಮಾತಾಡಬೇಕಿತ್ತು. ಅಲ್ಲಿಂದ ಮುಂದಿನ ಕತೆಯೆಲ್ಲ ನಿನ್ನದೇ ಎಂದು ಡೈರೆಕ್ಟರು ಮಾತು ಕೊಟ್ಟಿದ್ದರು. ಶೂಟಿಂಗಿನ ಹೊತ್ತು ಕೇಳಿಡು ಎಂದು ಅವರ ನಂಬರನ್ನು ಎಸ್‌ಟಿಡಿ ಬೂತಿನ ಚಿಕ್ಕಸ್ವಾಮಿಗೆ ಕೊಟ್ಟೂ ಬಂದಿದ್ದಳು.

ಆದರೆ ಅಜ್ಜಿಯ ಕತೆಗಳಲ್ಲಿ ಏಳು ಕಡಲಾಚೆಯಿಂದ ಹೊರಟ ಸಾವು ಮೊದಲು ಕಾಗೆಯನ್ನೇ ಕಳಿಸುತ್ತಿತ್ತು. ಅದಕ್ಕೆ ಮದ್ದೂ ಕತೆಯಲ್ಲೇ ಇತ್ತು. ಕಾಗೆ ಮುಟ್ಟಿದವರು ಸತ್ತರೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅತ್ತರೆ, ಸಾವು ತನ್ನ ಕೆಲಸ ಮುಗಿಯಿತೆಂದು ವಾಪಸು ಹೋಗುತ್ತದೆ.

"ದೇವಲಾಪುರದ ಸರಸಿಗೆ ಫೋನ್ ಮಾಡುಸ್ತೀನಿ. ಅಳೋದ್ರಲ್ಲಿ ಅವ್ಳೇ ಗಟ್ಟಿಗಿತ್ತಿ," ಎಂದು ಅಜ್ಜಿ ಬೂತಿನ ಕಡೆ ಓಡಿದಳು.

ಸತ್ತಳು ಅಂದ ಕೂಡಲೇ ಚಿಕ್ಕಮ್ಮ ಸರಸಮ್ಮ ಚೀರಿ ಫೋನು ಕುಕ್ಕಿದ್ದರಿಂದ, ಅತ್ತಾದ ಮೇಲೆ ಸುಳ್ಳು ಎಂದು ಹೇಳುವುದಕ್ಕೇ ಆಗಲಿಲ್ಲ. ಮಧ್ಯಾಹ್ನ ಒಂದು ಟೆಂಪೋ ತುಂಬ ಜನ, ಆಳುದ್ದದ ಹಾರ ಸಮೇತ ಮನೆ ಮುಂದೆ ಇಳಿದರು.

"ನನ್ ಗಿಣಿಯೇ... ಒಂಟೋದ್ಯಾ..." ಎಂದು ರಾಗ ಎಳೆಯುತ್ತ ಒಳನುಗ್ಗಿದ ಸರಸಮ್ಮನಿಗೆ, ಜಗಲಿಯಲ್ಲಿ ಮುದ್ದೆ ಮುರಿಯುತ್ತಿದ್ದ ಗಿಣಿ ಕಂಡಿತು. ರಾಗ ಅಲ್ಲೇ ನಿಂತಿತು.

ಏನು ಹೇಳಬೇಕೋ ತೋಚದೆ ಸುಧ ಕೇಳಿದಳು: "ಉಂಡ್ಯಾ ಚಿಕ್ಕವ್ವಾ?"

ಸರಸಮ್ಮ ಧೊಪ್ಪನೆ ಕೂತಳು. "ಬದ್ಕವ್ಳೆ ಕಣ್ರೋ!" ಆಮೇಲೆ ಸಿಟ್ಟು ಏರಿತು. "ದೇವಲಾಪುರದಿಂದ ಅತ್ಕಂಡು ಬಂದಿವ್ನಿ, ಗಂಟ್ಲು ಬಿದ್ದೋಗದೆ! ಸಾಯ್ದೆ ಇದ್ಮೇಲೆ ಯಾಕವ್ವಾ ಸುದ್ದಿ ಕೊಟ್ರಿ?"

ಪಕ್ಕದ ಮನೆಯ ದೇವಯ್ಯ ಹಾರ ಮುಟ್ಟಿ ನೋಡಿದ. "ಊವು ಚೆಂದಾಗವೆ. ಬಾಡೋದ್ರೊಳ್ಗೆ ಯಾರ್ಗಾರ ಆಕ್ಬುಡಿ."

ಅಷ್ಟರಲ್ಲಿ ಚಿಕ್ಕಸ್ವಾಮಿ ಗೆದ್ದ ಪೈಲ್ವಾನನಂತೆ ಬಂದ. "ಇನ್ ಭಯ ಇಲ್ಲ ಕಣಜ್ಜಿ. ಒಬ್ರು ಅತ್ರೆ ಸಾಲ್ದು ಅಂತ ಅಕ್ಕ ಕೊಟ್ಟಿದ್ ನಂಬ್ರಕ್ಕೂ ಏಳ್ಬುಟ್ಟೆ. ಆವಯ್ಯ ಏನ್ ಅತ್ತ ಅಂತೀರಾ!"

ಸುಧಳ ಕೈಯ ತುತ್ತು ಜಾರಿತು. "ಯಾವಾಗ್ಲಾ?"

"ಬೆಳಿಗ್ಗೆ ಒಂಬತ್ಕೇ ಕಣಕ್ಕ."

ಎಂಜಲು ಕೈಯಲ್ಲೇ ಬೂತಿಗೆ ಓಡಿದಳು. "ಸರ್, ನಾನು ಸುಧ" ಎಂದಾಗ ಆ ಕಡೆ ಯಾರೋ ಕುರ್ಚಿ ಸಮೇತ ಬಿದ್ದ ಸದ್ದಾಯಿತು. ಕಾಗೆಯ ಕತೆಯನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಡೈರೆಕ್ಟರು ಸುಧಾರಿಸಿಕೊಂಡಿದ್ದರು.

"ಬದುಕಿದ್ದೀರಲ್ಲ, ಅಷ್ಟು ಸಾಕು! ಆದರೆ ಸುಧಾ... ಹನ್ನೆರಡು ಗಂಟೆಗೆ ನೀವು ಸತ್ತುಬಿಟ್ರಿ. ನಿಮ್ಮ ಫೋಟೋಗೆ ಹಾರ ಹಾಕಿ ಶೂಟಿಂಗ್ ಮುಗಿಸಿಬಿಟ್ವಿ."

"ಅದನ್ನ ತೆಗೆದುಹಾಕಿ ಸರ್!"

"ಹೇಗ್ರೀ ತೆಗೀಲಿ? ಅತ್ತೆ ಪಾತ್ರದವರು ಜನ್ಮದಲ್ಲಿ ಮೊದಲ ಸಲ ಗ್ಲಿಸರಿನ್ ಇಲ್ಲದೆ ಅತ್ತಿದ್ದಾರೆ. ಸುಳ್ಳು ಅಂತ ಗೊತ್ತಾದ್ರೆ ಇನ್ನೊಂದ್ಸಲ ಅಳ್ತಾರಾ?"

"ನನ್ನ ಡೈಲಾಗು?"

"ಹಿರಿಸೊಸೆ ಮಾನಸಗೆ ಕೊಟ್ಟೆ. ನಿಮ್ಮ ಫೋಟೋ ನೋಡ್ಕೊಂಡು ಹೇಳ್ತಾಳೆ."

ಸುಧಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಡೈರೆಕ್ಟರ ಮನಸ್ಸು ಕರಗಿತು.

"ಅಳಬೇಡಿ. ನಾಳೆ ಬನ್ನಿ, ನಿಮಗೆ ಒಂದು ಪಾತ್ರ ಇದ್ದೇ ಇದೆ."

ಸುಧ ಎಂಜಲು ಕೈಯಲ್ಲೇ ಕಣ್ಣೊರೆಸಿಕೊಂಡಳು. "ಯಾವ್ದು ಸರ್?"

"ನಾಳೆ ನಿಮ್ಮದೇ ತಿಥಿ. ಮುಖದ ಮೇಲೆ ಸೆರಗು ಎಳ್ಕೊಂಡು ಬನ್ನಿ, ಯಾರಿಗೂ ಗುರುತು ಸಿಗಬಾರದು. ಬಂದ ನೆಂಟರಿಗೆಲ್ಲ ಕಾಫಿ ಕೊಡಬೇಕು. ಆ ಟ್ರೇನ ನಿಮ್ಮಷ್ಟು ಚೆನ್ನಾಗಿ ಹಿಡಿಯೋರು ನಮ್ಮಲ್ಲಿ ಇನ್ಯಾರಿದ್ದಾರೆ?"