ಬಟಾಣಿ ಮರಿಯೂ ಬರಿಗೈ ಪ್ರಜೆಗಳೂ

ಬಹಳ ಹಿಂದೆ, ಅಂದರೆ ಸುಳ್ಳು ಹೇಳಬೇಕಾದರೆ ಉಪ್ಪರಿಗೆಯನ್ನಾದರೂ ಹತ್ತಬೇಕಾಗಿದ್ದ ಕಾಲದಲ್ಲಿ, ಅಸ್ತುಪುರ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಘೋಷಣವರ್ಮ ಮಹಾರಾಜ. ಕೆಲಸ ಮಾಡಿ ಆಮೇಲೆ ಹೇಳುವುದು ಅವನ ಅಜ್ಜನ ಪದ್ಧತಿ. ಹೇಳಿ ಆಮೇಲೆ ಮಾಡುವುದು ಅಪ್ಪನದು. ಘೋಷಣವರ್ಮನು ಎರಡನೆಯ ಭಾಗವನ್ನು ಕೈಬಿಟ್ಟು ಆಡಳಿತವನ್ನು ಸರಳಗೊಳಿಸಿದ್ದನು.

ಒಂದು ವರ್ಷ ಕಡಲಾಚೆಯ ಚಕ್ರವರ್ತಿಯಿಂದ ಅವನಿಗೆ ಕಾಣಿಕೆ ಬಂತು. ರೇಷ್ಮೆ ಹೊದಿಸಿದ ಬುಟ್ಟಿಯೊಳಗೆ ಒಂದು ನಾಯಿಮರಿ. ಚಿಕ್ಕ ಜಾತಿಯದು; ಬೆಳೆದ ಮೇಲೂ ಮೊರದೊಳಗೆ ಮಲಗುವಷ್ಟೇ ಇರುತ್ತದಂತೆ. ಬೊಗಸೆಯಲ್ಲಿ ಎತ್ತಿಕೊಂಡರೆ ಬಾಲ ಮಾತ್ರ ಹೊರಗೆ. ಆಸ್ಥಾನ ಪಂಡಿತರು ಅದಕ್ಕೆ ಮೂರು ಸಾಲಿನ ಹೆಸರಿಟ್ಟರು. ಮಹಾರಾಣಿ "ಬಟಾಣಿ" ಅಂದರು. ಮರಿ ತಿರುಗಿ ನೋಡಿತು. ಅದೇ ಹೆಸರು ನಿಂತಿತು.

ಮರಿಯ ಹಿಂದೆ ಮೂಟೆಗಳು ಇಳಿದವು. ಒಳಗೆ ಕಂದು ಬಣ್ಣದ, ಕಡಿದರೆ ಕಟುಮ್ಮೆನ್ನುವ ಕಾಳು. ಆಸ್ಥಾನದವರು ಅದನ್ನು ಶುಷ್ಕಾಹಾರ ಅಂದರು, ಊರಿನವರು ನಾಯಿಕಾಳು ಅಂದರು. "ಈ ಜಾತಿಗೆ ಇದೇ ಸರಿ. ಹಲ್ಲಿಗೂ ಒಳ್ಳೆಯದು, ಹೊಟ್ಟೆಗೂ ಒಳ್ಳೆಯದು" ಎಂದು ಜೊತೆಯಲ್ಲಿ ಬಂದಿದ್ದ ರಾಯಭಾರಿ ಹೇಳಿದ. ಅದು ಸುಳ್ಳೇನೂ ಅಲ್ಲ. "ದೀಪಾವಳಿಗೆ ಮತ್ತೆ ಬರುತ್ತೇನೆ. ನಿಮ್ಮಲ್ಲಿ ಇದನ್ನು ತಿನ್ನುವುದು ಕಣ್ಣಾರೆ ಕಂಡರೆ ಚಕ್ರವರ್ತಿಗಳ ಸ್ನೇಹ ನಿಮಗೇ" ಅಂದು ಹಡಗು ಹತ್ತಿದ.

ಹಡಗು ಇನ್ನೂ ಕಣ್ಣಿಗೆ ಕಾಣುತ್ತಿತ್ತು, ಮಹಾರಾಜ ಆಗಲೇ ಉಪ್ಪರಿಗೆಯ ಮೇಲಿದ್ದ. "ನಮ್ಮ ರಾಜ್ಯದಲ್ಲಿ ಶುಷ್ಕಾಹಾರ ಸೇವನೆ ಯಶಸ್ವಿಯಾಗಿ ಆರಂಭವಾಗಿದೆ!" ಕೆಳಗೆ ಚಪ್ಪಾಳೆ ಬಿತ್ತು. ಒಳಗೆ ಬಟಾಣಿ ಬಟ್ಟಲನ್ನು ಮೂಸಿತು, ಒಂದು ಕಾಳನ್ನು ಮೂಗಿನಿಂದ ಹೊರಗೆ ತಳ್ಳಿತು, ಅದನ್ನು ಅಟ್ಟಿಸಿಕೊಂಡು ಕಂಬ ಸುತ್ತಿ ಆಡಿತು, ಆಮೇಲೆ ಮಲಗಿತು.

ಅಸ್ತುಪುರದಲ್ಲಿ ಒಂದು ಪದ್ಧತಿ. ನಮ್ಮಲ್ಲೂ ಉಂಟು. ಎಳೆಮಗು ಇರುವ ಮನೆಗೆ ಬರಿಗೈಯಲ್ಲಿ ಹೋಗಬಾರದು. ಅರಮನೆಗೆ ಬಂದದ್ದು ಎಳೆಯದೇ ಅಲ್ಲವೇ? ಪ್ರಧಾನಮಂತ್ರಿ ಅನುಮೋದನಯ್ಯ ನೋಡಲು ಬರುವಾಗ ಶಲ್ಯದ ತುದಿಯಲ್ಲಿ ಪೇಡ ಇರುತ್ತಿತ್ತು. ಸೇನಾಪತಿ ಗುಡುಗಪ್ಪನ ಒರೆಯಲ್ಲಿ ಕತ್ತಿಯ ಬದಲು ಬಾಡಿನ ತುಂಡು. ರಾಜವೈದ್ಯ ಪಥ್ಯಾಚಾರ್ಯರು ಮಾತ್ರ ಪಥ್ಯ ಬಿಡದೆ ಬೆಣ್ಣೆ ತರುತ್ತಿದ್ದರು. ಯಾರೂ ಇನ್ನೊಬ್ಬರ ಎದುರಿಗೆ ಕೊಡುತ್ತಿರಲಿಲ್ಲ. ಮರಿ ತಮ್ಮೊಬ್ಬರನ್ನು ಕಂಡರೇ ಬಾಲ ಅಲ್ಲಾಡಿಸುತ್ತದೆ ಎಂಬುದು ಮಹಾರಾಜನ ಕಣ್ಣಿಗೆ ಬೀಳಬೇಕು, ಅಷ್ಟೇ. ಮಹಾರಾಜನೂ ಮಧ್ಯಾಹ್ನದ ನಿದ್ದೆಗೆ ಮುಂಚೆ ಒಂದು ಚೂರು ಹೋಳಿಗೆ ಹಿಡಿದು ಅತ್ತ ಹೋಗಿಬರುತ್ತಿದ್ದ.

ಮೊದಲ ಎಡೆಗೇ ಬಾಯಿ ಹಾಕಿದವನಿಗೆ ಎರಡನೆಯ ಎಡೆ ಬರುವುದಿಲ್ಲ, ಮುಖ ತಿರುಗಿಸಿ ಕೂತವನಿಗೆ ಬರುತ್ತದೆ. ಮಂತ್ರಿಪದವಿಗೆ ಮುನಿಸಿಕೊಂಡು ಕೂರುವವರು ಹತ್ತಾರು ವರ್ಷ ಸವೆಸಿ ಕಲಿಯುವ ಈ ರಾಜನೀತಿಯನ್ನು ಬಟಾಣಿ ಹಾಲುಹಲ್ಲಿನಲ್ಲೇ ಕಲಿಯಿತು. ಕಾಳಿಗೆ ಬಿಸಿನೀರು ಹಾಕಿ ನೆನೆಸಿದರು, ನೀರು ಕುಡಿಯಿತು. ಹಾಲು ಹಾಕಿದರು, ಹಾಲು ನೆಕ್ಕಿತು. ಗುಡುಗಪ್ಪ ಒಂದು ಕಾಳನ್ನು ಬಾಯಿಗೇ ಇಟ್ಟ. ಮರಿ ಸಭ್ಯವಾಗಿ ಕಂಬದ ಮರೆಗೆ ಹೋಗಿ ಉಗಿದು ಬಂತು.

ತುರ್ತು ಸಭೆ ಸೇರಿತು.

"ಪ್ರಭೂ, ಮರಿ ತಿನ್ನುತ್ತಿಲ್ಲ ಎನ್ನುವುದು ವಿರೋಧಿಗಳ ಮಾತು" ಎಂದರು ಅನುಮೋದನಯ್ಯ. "ತಿನ್ನದಿರುವ ಪ್ರಮಾಣ ಇಳಿಮುಖವಾಗಿದೆ."

"ತಿನ್ನದಿದ್ದರೆ ಸೊರಗಿರಬೇಕಲ್ಲ?" ಎಂದ ಮಹಾರಾಜ.

"ಅಲ್ಲೇ ತಮ್ಮ ಮಹಿಮೆ, ಪ್ರಭೂ!" ಪಥ್ಯಾಚಾರ್ಯರು ಕೈಮುಗಿದರು. "ಏನೂ ತಿನ್ನದೆ ದಿನದಿನಕ್ಕೆ ದುಂಡಗಾಗುತ್ತಿರುವ ಪ್ರಾಣಿ ಭೂಮಂಡಲದಲ್ಲಿ ಇದೊಂದೇ. ತಮ್ಮ ಕೃಪಾದೃಷ್ಟಿಯೇ ಅದಕ್ಕೆ ಪೌಷ್ಟಿಕಾಂಶ."

ಮಹಾರಾಜನಿಗೆ ಹಿತವಾಯಿತು. ಆದರೂ ದೀಪಾವಳಿ ಹತ್ತಿರ ಬರುತ್ತಿತ್ತು.

"ಇದರಲ್ಲಿ ಹೊರಗಿನವರ ಕೈವಾಡವಿದೆ" ಎಂದು ಗುಡುಗಪ್ಪ ಗುಡುಗಿದ. "ಹಿತ್ತಿಲ ಗೋಡೆಯಾಚೆ ಉಸಲಿಬೀದಿ. ಹಗಲೆಲ್ಲ ಒಗ್ಗರಣೆ! ಸಾಸಿವೆ, ಬೆಳ್ಳುಳ್ಳಿ, ಕರಿಬೇವು! ಆ ವಾಸನೆ ಗಡಿ ದಾಟಿ ನುಗ್ಗುತ್ತಿದ್ದರೆ ಎಳೆಯದರ ಮನಸ್ಸು ಶುಷ್ಕಾಹಾರದಲ್ಲಿ ಹೇಗೆ ನಿಲ್ಲಬೇಕು?"

ಅಸ್ತು, ಅಸ್ತು ಎಂದಿತು ಸಭೆ. ಮರಿ ಒಣ ಆಹಾರ ತಿನ್ನುವವರೆಗೆ ಉಸಲಿಬೀದಿಯಲ್ಲಿ ಒಲೆ ಹತ್ತಿಸಕೂಡದು ಎಂದು ಡಂಗುರವಾಯಿತು.

ಬೀದಿಯ ಮೊದಲ ಒಲೆ ಹೊನ್ನಾಜಮ್ಮನದು. ಅವರೆಕಾಳಿನ ಉಸಲಿ ಮಾಡಿ ಮಾರುತ್ತಿದ್ದ ಮುದುಕಿ. ಮನೆಯೊಳಗೆ ಮಗಳು ಬಾಣಂತಿ. ಕೂಸಿಗೆ ಇನ್ನೂ ತಲೆ ನಿಂತಿರಲಿಲ್ಲ. ಕಾವಲುಗಾರ ಬಂದು ಒಲೆಗೆ ನೀರು ಸುರಿದ.

"ಅಲ್ಲ ಕಣಪ್ಪ, ನಾಯಿ ಉಣ್ಣಲ್ಲ ಅಂತ ನನ್ನ ಒಲೆಗೆ ಯಾಕೆ ನೀರು ಹುಯ್ತೀಯ? ಬಾಣಂತಿಗೆ ಒಂದು ಬಿಸಿ ಸಾರು ಬ್ಯಾಡ್ವಾ?"

"ನನ್ನ ಕೇಳಿದ್ರೆ ಏನು ಮಾಡ್ಲಿ ಅಜ್ಜಿ. ಅದು ತಿಂದ ದಿನ ಹತ್ತಿಸ್ಕೋ."

"ಅದು ತಿನ್ನದಿದ್ರೆ?"

"ಹಂಗೆಲ್ಲ ಅನ್ನಬಾರ್ದು. ರಾಜದ್ರೋಹ ಆಯ್ತದೆ."

ಬೆಳಗಾದರೆ "ಊಟ ಆಯ್ತಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದ ಬೀದಿ, ಅವತ್ತಿನಿಂದ "ಅದು ತಿಂತಾ?" ಎಂದು ಕೇಳತೊಡಗಿತು. ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದನ್ನು ಕೇಳುವ ಅಗತ್ಯವಿರಲಿಲ್ಲ.

ಎದುರುಮನೆಯ ಸಿಂಗ್ರಯ್ಯ ವಡೆ ಕರಿಯುತ್ತಿದ್ದವನು. ಕೂಸು ನೋಡಲು ಬಂದವನು ಹೊಸ್ತಿಲಲ್ಲೇ ನಿಂತ. "ಬರಿಗೈಲಿ ಬಂದಿವ್ನಿ ಕಣಕ್ಕ. ಒಳಕ್ಕೆ ಬರಾಕೆ ಮುಖ ಇಲ್ಲ."

"ಬಾರೋ ಸುಮ್ನೆ. ಕೂಸಿಗೇನು ಗೊತ್ತಾಯ್ತದಾ?"

"ಕೂಸಿಗೆ ಗೊತ್ತಾಗಲ್ಲ. ನಂಗೆ ಗೊತ್ತಾಯ್ತದಲ್ಲ" ಅಂದು ಹೊರಟುಹೋದ.

ಬಾಣಂತಿಯ ಎದೆಹಾಲು ಕಡಿಮೆಯಾಯಿತು. ಕೂಸು ಅಳತೊಡಗಿತು. ಹೊನ್ನಾಜಮ್ಮ ತಡೆಯಲಾರದೆ ಮಹಾರಾಜನ ಕಾಲು ಹಿಡಿಯೋಣವೆಂದು ಅರಮನೆಗೆ ನಡೆದಳು.

ಆ ದಿನ ಅರಮನೆ ಖಾಲಿ. ಶುಷ್ಕಾಹಾರದ ಯಶಸ್ಸಿನ ಸಾಧನಾ ಸಮಾವೇಶ ಪಕ್ಕದ ಪಟ್ಟಣದಲ್ಲಿತ್ತು. ಮಹಾರಾಜ, ಮಹಾರಾಣಿ, ಮಂತ್ರಿಗಳು ಹೋಗಿದ್ದರು. ಕುರ್ಚಿ ತುಂಬಿಸಲು ಅಡುಗೆಯವರನ್ನೂ ಬಾಗಿಲ ಕಾವಲಿನವರನ್ನೂ ಬಂಡಿಯಲ್ಲಿ ಹೇರಿಕೊಂಡು ಹೋಗಿದ್ದರು. ತೆರೆದ ಬಾಗಿಲಲ್ಲಿ ಮುದುಕಿ ಒಳಗೆ ಬಂದು ಅಂಗಳದಲ್ಲಿ ಕಾದು ಕೂತಳು.

ಬೆಳಗಿನಿಂದ ಒಬ್ಬರ ಶಲ್ಯವನ್ನೂ ಕಾಣದ ಬಟಾಣಿ ಓಡಿ ಬಂತು. ಅವಳ ಬಲಗೈ ಮೂಸಿತು. ಎಡಗೈ ಮೂಸಿತು. ಸೆರಗು ಎಳೆದು ನೋಡಿತು. ಕೂತು ಕಾಯಿತು. ಎರಡನೆಯ ಎಡೆ ಬರಲಿಲ್ಲ.

"ಏನೂ ಇಲ್ಲ ಹೋಗಪ್ಪ" ಅಂದಳು ಹೊನ್ನಾಜಮ್ಮ. "ನಂಗೇ ಇಲ್ಲ."

ಮರಿ ಹೊತ್ತು ಇಳಿಯುವವರೆಗೆ ನೋಡಿತು. ಆಮೇಲೆ ಎದ್ದು ಬಟ್ಟಲಿಗೆ ಹೋಗಿ ಕಟುಂ ಕಟುಂ ಎಂದು ತಿನ್ನತೊಡಗಿತು. ಅದೇ ಹೊತ್ತಿಗೆ ಮಹಾರಾಜನ ಪಲ್ಲಕ್ಕಿ ಅಂಗಳಕ್ಕೆ ಬಂದಿಳಿಯಿತು, ಹಿಂದೆಯೇ ಮಂತ್ರಿಗಳೂ ಬಂದರು.

"ತಿನ್ನುತ್ತಿದೆ!" ಮಹಾರಾಜ ಪಲ್ಲಕ್ಕಿಯಿಂದ ಹಾರಿ ಬಂದ. ತಾನು ಹೇಳಿದ್ದು ನಿಜವಾದದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ. "ಏನು ಮಾಡಿದೆ ತಾಯಿ?"

"ನಾನೇನೂ ಮಾಡ್ಲಿಲ್ಲ ಬುದ್ಧಿ. ಸುಮ್ನೆ ಕುಂತಿದ್ದೆ. ಕೈಯಾಗೆ ಏನೂ ಇರ್ಲಿಲ್ಲ."

ಅನುಮೋದನಯ್ಯ ಪೇಡದ ಗಂಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಗುಡುಗಪ್ಪ ಒರೆಯ ಬಾಯಿಗೆ ಅಂಗೈ ಮುಚ್ಚಿದ. ಮಹಾರಾಜ ಕೆಮ್ಮಿದ. ಎಲ್ಲರಿಗೂ ಎಲ್ಲ ತಿಳಿಯಿತು, ಆದ್ದರಿಂದ ಬೇರೆ ಏನನ್ನಾದರೂ ಬೇಗ ಕಂಡುಹಿಡಿಯಬೇಕಾಗಿತ್ತು.

"ಕಾರಣ ಸಿಕ್ಕಿತು ಪ್ರಭೂ!" ಎಂದರು ಪಥ್ಯಾಚಾರ್ಯರು. "ಪ್ರಜೆಯ ಬರಿಗೈ ಕಂಡೊಡನೆ ಮರಿಗೆ ಹಸಿವು ಕೆರಳಿತು. ಇದು ವೈಜ್ಞಾನಿಕ."

"ಒಂದೇ ಜೊತೆ ಬರಿಗೈಗೆ ಒಂದು ಬಟ್ಟಲು ಖಾಲಿಯಾದರೆ," ಅನುಮೋದನಯ್ಯನವರ ಕಣ್ಣು ಅರಳಿತು, "ರಾಜ್ಯವೆಲ್ಲ ಬರಿಗೈಯಾದರೆ ಮೂಟೆಗಟ್ಟಲೆ ಖಾಲಿಯಾಗುತ್ತದೆ! ಇದನ್ನು ಪ್ರಾಯೋಗಿಕವಾಗಿ ಉಸಲಿಬೀದಿಯಿಂದಲೇ ಶುರುಮಾಡೋಣ."

"ಅಸ್ತು" ಎಂದ ಮಹಾರಾಜ.

ಹೊನ್ನಾಜಮ್ಮನನ್ನು ಬರಿಗೈ ಅಭಿಯಾನದ ರಾಯಭಾರಿಯೆಂದು ಸಾರಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಅವಳು ಕೇಳಿದ್ದು ಒಂದೇ: "ತಿಂತಲ್ಲ ಬುದ್ಧಿ, ಒಲೆ ಹತ್ತಿಸ್ಲಾ?"

"ಧಾರಾಳವಾಗಿ! ಕೊಟ್ಟ ಮಾತಿಗೆ ನಾವು ತಪ್ಪುವವರಲ್ಲ."

ಹೆಬ್ಬಾಗಿಲಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯನ್ನು ವಾಪಸು ತೆಗೆದುಕೊಂಡರು. ರಾಯಭಾರಿಯ ಕೈಯಲ್ಲೇ ಏನಾದರೂ ಇದ್ದರೆ ಅಭಿಯಾನಕ್ಕೆ ಏನು ಬೆಲೆ? ಅವಳು ಮನೆ ಮುಟ್ಟುವಷ್ಟರಲ್ಲಿ ಅಭಿಯಾನ ಅಲ್ಲಿಗೂ ಬಂದು ಹೋಗಿತ್ತು. ಅವರೆಕಾಳಿನ ಚೀಲ ಇರಲಿಲ್ಲ. ಎಣ್ಣೆಯ ಗಿಂಡಿ ಇರಲಿಲ್ಲ. ಬಾಣಲೆಯೂ ಇರಲಿಲ್ಲ. ಒಲೆ ಇತ್ತು, ಹತ್ತಿಸಲು ಅಪ್ಪಣೆಯೂ ಇತ್ತು.

ಮರಿ ತಿಂದ ಸಂತೋಷಕ್ಕೆ ಮಾರನೆಯ ದಿನ ಮಂತ್ರಿಗಳೆಲ್ಲ ಅದನ್ನು ಅಭಿನಂದಿಸಲು ಹೋದರು. ಬರಿಗೈಯಲ್ಲಿ ಹೋಗಲಾದೀತೇ? ಬಟಾಣಿ ಬಟ್ಟಲನ್ನು ಮತ್ತೆ ಮೂಸಿ ನೋಡಲಿಲ್ಲ. ಸಮಿತಿ ಕೂತು ಪರಿಶೀಲಿಸಿತು. ಪ್ರಜೆಗಳ ಕೈಯಲ್ಲಿ ಇನ್ನೂ ಏನೋ ಉಳಿದಿದೆ, ಅದಕ್ಕೇ ಹೀಗೆ, ಎಂದು ತೀರ್ಮಾನವಾಯಿತು. ಅಭಿಯಾನದ ಎರಡನೆಯ ಹಂತ ಬಂತು. ಮೂರನೆಯದೂ ಬಂತು. ಬೀದಿಯಿಂದ ಪೇಟೆಗೆ, ಪೇಟೆಯಿಂದ ಊರೂರಿಗೆ ಹಬ್ಬಿತು.

ಇತ್ತ ಉಗ್ರಾಣದಲ್ಲಿ ಶುಷ್ಕಾಹಾರದ ಮೂಟೆಗೆ ಹುಳ ಬೀಳುವ ಹೊತ್ತಾಗಿತ್ತು. ಜನ ಬೇರೆ ಹಸಿವು ಹಸಿವು ಎನ್ನುತ್ತಿದ್ದರು. ಎರಡೂ ಸಮಸ್ಯೆಗೆ ಅನುಮೋದನಯ್ಯ ಒಂದೇ ಆಜ್ಞೆಯಲ್ಲಿ ಪರಿಹಾರ ಹುಡುಕಿದರು. ಮನೆಮನೆಗೆ ಪಡಿಯಾಗಿ ನಾಯಿಕಾಳು ಅಳೆದು ಕೊಟ್ಟರು. ಕೈಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅಲ್ಲೇ ತಿನ್ನಬೇಕು.

ದೀಪಾವಳಿಗೆ ಕಡಲಾಚೆಯ ರಾಯಭಾರಿ ಬಂದ. ಬಟಾಣಿ ಮಹಾರಾಜನ ತೊಡೆಯ ಮೇಲೆ ಪಿಸ್ತಾ ಬರ್ಫಿ ಮೆಲ್ಲುತ್ತಿತ್ತು. ಮಹಾರಾಜ ಬೆವರಿದ. ಅನುಮೋದನಯ್ಯ ಹೆದರಲಿಲ್ಲ, ರಾಯಭಾರಿಯ ಕೈಹಿಡಿದು ಉಪ್ಪರಿಗೆಗೆ ಕರೆದೊಯ್ದು ಕೆಳಗೆ ತೋರಿಸಿದರು. ಉಸಲಿಬೀದಿಯ ಉದ್ದಕ್ಕೂ ಜನ ಜಗಲಿಯ ಮೇಲೆ ಕೂತು ಕಟುಂ ಕಟುಂ ಎಂದು ತಿನ್ನುತ್ತಿದ್ದರು.

"ಅದ್ಭುತ!" ಎಂದ ರಾಯಭಾರಿ. "ನಮ್ಮಲ್ಲಿ ನಾಯಿಗಳೂ ಇಷ್ಟು ಶಿಸ್ತಾಗಿ ತಿನ್ನುವುದಿಲ್ಲ." ಮುಂದಿನ ಹಡಗಿನಲ್ಲಿ ಎರಡರಷ್ಟು ಮೂಟೆ ಬರುವುದೆಂದು ಒಪ್ಪಂದವಾಯಿತು. ಘೋಷಣವರ್ಮನಿಗೆ ಶುಷ್ಕಾಹಾರ ಚಕ್ರೇಶ್ವರ ಎಂಬ ಬಿರುದು ಬಂತು. ರಾಜ್ಯದಲ್ಲಿ ಸೇವನೆ ಆರಂಭವಾಗಿದೆ ಎಂದಷ್ಟೇ ಅವನು ಅಂದು ಹೇಳಿದ್ದು. ಯಾರು ತಿನ್ನುತ್ತಾರೆಂದು ಹೇಳಿರಲಿಲ್ಲ. ಆದ್ದರಿಂದ ಅವನು ಸುಳ್ಳು ಹೇಳಿದನೆಂದು ಯಾರೂ ಅನ್ನುವಂತಿಲ್ಲ.

ಅದೇ ಸಂಜೆ ಸಿಂಗ್ರಯ್ಯ ಕೂಸು ನೋಡಲು ಬಂದ. ಈ ಸಲ ಹೊಸ್ತಿಲು ದಾಟಿದ. ಟವೆಲಿನ ತುದಿಯಲ್ಲಿ ಕದ್ದು ತಂದಿದ್ದ ಒಂದು ಹಿಡಿ ನಾಯಿಕಾಳನ್ನು ಬಾಣಂತಿಯ ಮಡಿಲಿಗೆ ಹಾಕಿದ.

"ಎಳೆಕೂಸು ಇರೋ ಮನೆ. ಬರಿಗೈಲಿ ಬರಬಾರ್ದಲ್ಲ ಅಕ್ಕ."

ಹೊನ್ನಾಜಮ್ಮ ಒಲೆ ಹತ್ತಿಸಿ, ಬಾಯಿ ಒಡೆದ ಕುಡಿಕೆಯಲ್ಲಿ ನೀರಿಟ್ಟು, ಕಾಳನ್ನು ನೆನೆಸಲು ಹಾಕಿದಳು. ಮಗಳು ತಿನ್ನಬೇಕಲ್ಲ, ಕೂಸಿಗೆ ಹಾಲು ಬರಬೇಕಲ್ಲ.

"ಮರಿ ವಿಷಯ ಏನಂತೆ?" ಸಿಂಗ್ರಯ್ಯ ಅಭ್ಯಾಸಬಲದಿಂದ ಕೇಳಿದ. "ಅದು ತಿಂತಾ?"

"ಅದ್ಯಾಕಪ್ಪ ತಿಂತದೆ" ಅಂದಳು ಹೊನ್ನಾಜಮ್ಮ, ಒಲೆ ಊದುತ್ತ. "ನಾವಿಲ್ವಾ."