‘ನೇಯ್ದವರು ತಿಳಿದುಬಂದಿಲ್ಲ’ ಎಂಬ ಚೀಟಿಯ ಕುರಿತು

‘ಕಾಣದ ಬೆಂಗಳೂರು’ ಕಾಲ್ನಡಿಗೆ ಮಂಡಳಿಯ ಸನ್ಮಾನ್ಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ನವಲಗುಂದದಲ್ಲಿ ಜಮಖಾನ ನೇಯುವ ನಸೀಮಾಬಿಯು ತಮಗೂ, ತಮ್ಮ ಕಚೇರಿಗೂ, ತಮ್ಮ ಮಾರ್ಗದರ್ಶಿಯ ಕೊರಳಲ್ಲಿ ತೂಗುವ ಆ ಪುಟ್ಟ ಮೈಕಿಗೂ ನಮಸ್ಕಾರ ತಿಳಿಸಿ ಮಾಡುವ ಅರಿಕೆ. ನಮ್ಮ ಮಹಿಳಾ ಸಂಘದ ಅರ್ಜಿಗಳನ್ನೆಲ್ಲ ಹನ್ನೆರಡು ವರ್ಷಗಳಿಂದ ನಾನೇ ಬರೆಯುತ್ತ ಬಂದಿರುವುದರಿಂದ ಕೈ ಪಳಗಿದೆ. ಈ ಪತ್ರದಲ್ಲಿ ಎಲ್ಲಾದರೂ ವಿನಯ ಅತಿಯಾಗಿ ಕಂಡರೆ ಅದು ರೂಢಿಯ ದೋಷವೆಂದು ಮನ್ನಿಸಬೇಕು.

ಕಳೆದ ತಿಂಗಳು ಕರಕುಶಲ ಮೇಳಕ್ಕೆಂದು ನಾನೂ, ಅಣ್ಣಿಗೇರಿಯಲ್ಲಿ ಕೌದಿ ಹೊಲಿಯುವ ನನ್ನ ಗೆಳತಿ ರೇಣುಕವ್ವಳೂ ತಮ್ಮ ಮಹಾನಗರಕ್ಕೆ ಬಂದಿದ್ದೆವು. ಮಳಿಗೆಗೆ ಒಂದು ದಿನ ರಜೆ ಸಿಕ್ಕಿತೆಂದು ಮೇಳದವರು ನಮ್ಮನ್ನು ತಮ್ಮ ನಡಿಗೆಗೆ ಸೇರಿಸಿದರು. ನಮಗೆ ವಿಧಾನಸೌಧ ನೋಡುವ ಆಸೆಯಿತ್ತು. ಆದರೆ ಎಲ್ಲರ ಕಣ್ಣಿಗೂ ಬೀಳುವಂಥದ್ದನ್ನು ತೋರಿಸುವುದು ತಮ್ಮ ಘನತೆಗೆ ತಕ್ಕುದಲ್ಲವೆಂದು ತಿಳಿದು ಸುಮ್ಮನಾದೆವು.

ತಾವು ತೋರಿಸಿದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಮೊದಲು ಒಂದು ಗಡಿಯಾರ ಗೋಪುರ ನೋಡಿದೆವು; ನಾಲ್ಕು ಇಪ್ಪತ್ತಕ್ಕೆ ನಿಂತು ಮೂವತ್ತು ವರ್ಷವಾಯಿತಂತೆ, ಅದರ ಕೆಳಗೆ ಚಹ ಮಾರುವವನು ತನ್ನ ಅಂಗಡಿಗೆ ಅದೇ ಹೊತ್ತಿನ ಹೆಸರಿಟ್ಟಿದ್ದಾನೆ. ಆಮೇಲೆ ಕೆರೆದಂಡೆ ರಸ್ತೆ. ನಾಲ್ಕು ದಾರಿ ಕೂಡುವಲ್ಲಿ ನಮ್ಮನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಅಲೆಗಳ ಸಪ್ಪಳ ಆಲಿಸಿರಿ ಎಂದು ಮಾರ್ಗದರ್ಶಿ ಅಪ್ಪಣೆ ಕೊಟ್ಟರು. ನಾನು ಆಲಿಸಿದೆ. ಒಂದು ನೀರಿನ ಟ್ಯಾಂಕರು ಹಾರ್ನು ಹೊಡೆಯುತ್ತ ಹೋಯಿತು. ಕೆರೆ ಎಲ್ಲಿ ಎಂದು ರೇಣುಕವ್ವ ಕೇಳಿದ್ದಕ್ಕೆ, ತಾವು ಅದರ ಮೇಲೆಯೇ ನಿಂತಿದ್ದೀರಿ ಎಂಬ ಉತ್ತರ ಬಂತು. ನಮ್ಮೂರಲ್ಲಿ ಕೆರೆಗೆ ಇನ್ನೂ ನೀರನ್ನೇ ತುಂಬುತ್ತೇವೆ, ಹಿಂದುಳಿದ ಜನ.

ಕೊನೆಗೆ ಕರೆತಂದದ್ದು ಒಂದು ಹಳೆಯ ಬಂಗಲೆಗೆ. ಅದರ ನಡುಮನೆಯಲ್ಲಿ ಮೊಣಕಾಲೆತ್ತರದ ಕಟ್ಟೆಯ ಮೇಲೆ ನವಲಗುಂದದ ಜಮಖಾನವೊಂದನ್ನು ಅಗಲವಾಗಿ ಹಾಸಿತ್ತು. ಮೂರು ತಾಸು ನಡೆದಿದ್ದೆವು. ನಮ್ಮ ಕಡೆ ಜಮಖಾನ ಹಾಸಿದರೆಂದರೆ ಕೂಡ್ರಿರಿ ಎಂದು ಬೇರೆ ಹೇಳಬೇಕಾಗಿಲ್ಲ. ಹಾಸಿದ ಮೇಲೂ ನಿಂತೇ ಇದ್ದರೆ ಮನೆಯವರಿಗೆ ಅವಮಾನ. ಆದ್ದರಿಂದ ನಾವಿಬ್ಬರೂ ಚಪ್ಪಲಿ ಬಿಟ್ಟು, ಕಾಲೊರೆಸಿಕೊಂಡು, ಈ ಊರಲ್ಲೂ ಮರ್ಯಾದಸ್ಥರು ಇದ್ದಾರಲ್ಲ ಎಂದು ಮನಸ್ಸಿನಲ್ಲೇ ಹರಸುತ್ತ ಹೋಗಿ ಕುಳಿತೆವು. ರೇಣುಕವ್ವ ರೊಟ್ಟಿಯ ಗಂಟನ್ನೂ ಬಿಚ್ಚಿದಳು. ಆಗ ಗೋಡೆಯೊಳಗಿಂದ ಗಂಟೆಯೊಂದು ಹೊಡೆದುಕೊಂಡ ರೀತಿಯನ್ನೂ, ಕಾವಲಿನವರು ಓಡಿಬಂದ ಶಿಸ್ತನ್ನೂ ನಾನು ಮುಕ್ತಕಂಠದಿಂದ ಹೊಗಳಲೇಬೇಕು. ಅತಿಥಿ ಕೂತನೆಂದು ಮನೆಯೇ ಕೂಗಿ ಹೇಳುವ ಇಂಥ ವ್ಯವಸ್ಥೆ ಧಾರವಾಡ ಜಿಲ್ಲೆಯಲ್ಲಿ ಎಲ್ಲಿಯೂ ಇಲ್ಲ.

ನಮ್ಮನ್ನು ಎಬ್ಬಿಸಿದ ಮೇಲೆ, ಕಾವಲಿನವರು ಎಳೆದು ಕಟ್ಟಿದ ಹಗ್ಗದ ಆಚೆಗೆ ನಿಂತು, ನಾನು ಆ ಜಮಖಾನವನ್ನು ನೆಟ್ಟಗೆ ನೋಡಿದೆ. ಪಗಡೆ ಹಾಸಿನ ನಮೂನೆ. ನಾಲ್ಕು ಕೈ, ಒಂದೊಂದು ಕೈಯ ಉದ್ದಕ್ಕೂ ಎಂಟೆಂಟು ಮನೆ. ಎಡಗಡೆಯ ಕೈಯಲ್ಲಿ ಮಾತ್ರ ಏಳೇ ಮನೆ. ಈ ಏಳು, ಏಳು ಲೋಕಗಳ ಗುಟ್ಟೆಂದೂ, ಇದರ ಮೇಲೆ ವಿದ್ವಾಂಸರು ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆಂದೂ ಮಾರ್ಗದರ್ಶಿ ದನಿ ತಗ್ಗಿಸಿ ಹೇಳಿದರು. ವಿದ್ವಾಂಸರು ಇನ್ನು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಹುಬ್ಬಳ್ಳಿಯವರೊಬ್ಬರ ಮದುವೆಗೆಂದು ನನ್ನ ತಾಯಿ ಹುಸೇನಬಿ ಅದನ್ನು ನೇಯುವಾಗ, ಮಗ್ಗದ ಹಿಂದೆ ಕೂತು ಮನೆ ಎಣಿಸಿ ಹೇಳುವ ಕೆಲಸ ನನ್ನದಾಗಿತ್ತು. ನನಗೆ ಆಗ ಹತ್ತು ವರ್ಷ, ಹೊರಗೆ ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರು, ಐದಾದ ಮೇಲೆ ಏಳು ಎಂದುಬಿಟ್ಟೆ. ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ನಾಲ್ಕು ಬೆರಳು ಮುಂದೆ ಹೋಗಿತ್ತು. ಬಿಚ್ಚಲು ದಿನವಿರಲಿಲ್ಲ, ನನ್ನ ಬೆನ್ನಿಗೆ ಒಂದು ಬಿತ್ತು. ಏಳು ಲೋಕಗಳ ಗುಟ್ಟು ಇಷ್ಟೇ.

ಇದನ್ನು ಹೇಳಿದಾಗ ತಮ್ಮ ಮಾರ್ಗದರ್ಶಿ ಸಿಟ್ಟಾಗಲಿಲ್ಲ, ಮುಗುಳ್ನಕ್ಕರು. ಇಲ್ಲಿಗೆ ಬಂದವರಿಗೆಲ್ಲ ತಮ್ಮ ಮನೆಯ ನೆನಪಾಗುತ್ತದೆ, ಅದೇ ಈ ನಡಿಗೆಯ ಯಶಸ್ಸು ಎಂದು ಸುತ್ತ ನಿಂತವರಿಗೆ ಹೇಳಿ, ಪಕ್ಕದ ಚೀಟಿಯನ್ನು ಓದಿದರು: ಕಾಲ, ಅಂದಾಜು ನೂರೈವತ್ತು ವರ್ಷಗಳ ಹಿಂದೆ, ನೇಯ್ದವರು ತಿಳಿದುಬಂದಿಲ್ಲ. ಎಲ್ಲರೂ ಆ ಚೀಟಿಯ ಫೋಟೊ ತೆಗೆದುಕೊಂಡರು. ನನಗೆ ಅಳು ಬಂತು ಮಾನ್ಯರೇ, ಜೊತೆಗೇ ಕೆಟ್ಟ ಸಿಟ್ಟೂ ಬಂತು. ತಿಳಿದುಬಂದಿಲ್ಲ ಎನ್ನಬೇಕಾದರೆ ಒಮ್ಮೆಯಾದರೂ ಯಾರನ್ನಾದರೂ ಕೇಳಿರಬೇಕಲ್ಲವೇ? ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕೇಳಿದರೆ ನಮ್ಮ ಮನೆಯ ಬಾಗಿಲಿಗೆ ತಂದು ಬಿಡುತ್ತಾರೆ.

ಆದರೂ ಅಷ್ಟು ದೊಡ್ಡವರು ಅಚ್ಚು ಹಾಕಿಸಿದ್ದನ್ನು ಸುಳ್ಳೆನ್ನಲು ನಾನು ಯಾರು? ತಮ್ಮ ಚೀಟಿಯೇ ಸರಿಯೆಂದಿಟ್ಟುಕೊಂಡರೆ, ನೇಯ್ದಾಗ ಮೂವತ್ತೆರಡರವಳಾಗಿದ್ದ ನನ್ನ ತಾಯಿಗೆ ಇಂದು ನೂರ ಎಂಬತ್ತೆರಡು ವರ್ಷ. ದಯಮಾಡಿ ತಮ್ಮ ವಿದ್ವಾಂಸರಿಂದ ಹಾಗೆಂದು ಒಂದು ದೃಢೀಕರಣ ಪತ್ರ ಕೊಡಿಸಬೇಕು. ಎಪ್ಪತ್ತೇ ವರ್ಷವೆಂದು ತೋರಿಸುವ ಆಕೆಯ ಆಧಾರ್ ಕಾರ್ಡನ್ನು ತಿದ್ದಿಸುತ್ತೇವೆ. ಅದು ಕಷ್ಟವೆಂದಾದರೆ, ತೀರಾ ಸಣ್ಣ ಕೆಲಸವೊಂದಿದೆ. ‘ತಿಳಿದುಬಂದಿಲ್ಲ’ ಎಂಬುದನ್ನು ಅಳಿಸಿ ಅಲ್ಲಿ ‘ಹುಸೇನಬಿ’ ಎಂದು ಬರೆಯುವುದು. ಅಕ್ಷರವೂ ಕಡಿಮೆ, ಜಾಗವೂ ಉಳಿಯುತ್ತದೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನಸೀಮಾಬಿ

ತಾ.ಕ.: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಮನೆಯಲ್ಲಿ ಉರ್ದು ಆಡುವ ಆಕೆ ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಾಳೆ. ಮಗ್ಗ ಬಿಟ್ಟು ಎದ್ದವಳೇ, “ನಾ ಇನ್ನೂ ಅದೀನಿ ಅಂತ ಹೇಳಾಕ ಕಾಗದ ಯಾಕ ಬೇಕ? ನಾನ ಹೋಗಿ ನಿಂದರ್ತೀನಿ” ಅಂದಳು. ಆದಕಾರಣ ಬರುವ ಶನಿವಾರದ ನಡಿಗೆಗೆ ನಮ್ಮಿಬ್ಬರ ಹೆಸರು ಬರೆದುಕೊಳ್ಳಬೇಕು. ತಮ್ಮ ಮಾರ್ಗದರ್ಶಿ ಎಂದಿನಂತೆ ಆ ಚೀಟಿಯನ್ನು ಓದಲಿ, ಸ್ವಲ್ಪ ಗಟ್ಟಿಯಾಗಿ ಓದಲಿ; ಅಮ್ಮನಿಗೆ ಕಿವಿ ಮಂದ, ಹಾಗಾಗಿ ಅವರ ಎದುರಿಗೇ ನಿಂತಿರುತ್ತಾಳೆ.