ಹಲ್ಲು ನೋಡಿ ಕೊಂಡ ಎಸ್‌ಎಸ್‌ಡಿ

ಜತ್ತ ತಾಲೂಕಿನಲ್ಲಿ ಹಲ್ಲು ನೋಡಿ ಎಸ್‌ಎಸ್‌ಡಿ ಕೊಂಡ ಮನುಷ್ಯ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ. ಲ್ಯಾಪ್‌ಟಾಪಿನೊಳಗೆ ಬರೆದದ್ದನ್ನು ಕಾಯ್ದಿಡುವ ಎಸ್‌ಎಸ್‌ಡಿ ಎಂಬ ಡಿಸ್ಕಿಗೆ ಹಲ್ಲು ಎಲ್ಲಿರುತ್ತವೆ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಇರುತ್ತವೆ. ಅಂಚಿನಲ್ಲಿ ಸಾಲಾಗಿ, ಬಂಗಾರದ ಬಣ್ಣದವು. ಭಾವನವರು ಅವುಗಳ ಮೇಲೆ ಹೆಬ್ಬೆರಳು ಆಡಿಸಲು ಹೋದಾಗ ವಿಜಯಪುರದ ಅಂಗಡಿಯವರು ಕುರ್ಚಿ ಬಿಟ್ಟು ಎದ್ದು ನಿಂತರು.

ಭಾವನವರ ತಪ್ಪೇನೂ ಇಲ್ಲ ಬಿಡಿ. ಜೀವಮಾನವೆಲ್ಲ ಖಿಲಾರಿ ಎತ್ತಿನ ವ್ಯಾಪಾರ ಮಾಡಿದವರು. ಹೊಲಿಗೆ ಯಂತ್ರವಿರಲಿ, ಅಳಿಯನಿರಲಿ, ಎತ್ತನ್ನು ನೋಡುವ ಹಾಗೇ ನೋಡುತ್ತಾರೆ. ನನ್ನ ಮಗಳನ್ನು ನೋಡಲು ಬಂದ ವರನನ್ನು ಹೊಲ ತೋರಿಸುವ ನೆಪದಲ್ಲಿ ಬಾವಿಯತನಕ ನಡೆಸಿಕೊಂಡು ಹೋಗಿ ಬಂದು, "ಎಡಗಾಲು ಒಂಚೂರು ಎಳಿತಾನ. ಆದ್ರ ಹೊರತಾನ" ಎಂದು ತೀರ್ಪು ಕೊಟ್ಟಿದ್ದರು. ಮದುವೆಯಾಯಿತು. ಪಾಪ, ಇವತ್ತಿಗೂ ಹೊರುತ್ತಿದ್ದಾನೆ.

ಆ ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದದ್ದು ಈ ಲ್ಯಾಪ್‌ಟಾಪ್. ಅದರಲ್ಲಿ ನಾನು ದೂರಶಿಕ್ಷಣದ ಬಿ.ಎ. ಓದುತ್ತಿದ್ದೆ. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಮಗಳ ಮದುವೆ ಮುಗಿಸಿ ಮತ್ತೆ ಪುಸ್ತಕ ಹಿಡಿದೆ. ಈ ವಯಸ್ಸಿನಲ್ಲಿ ಯಾಕೆ ಎಂದು ನಮ್ಮೂರು ಬಾಲಗಾಂವದಲ್ಲಿ ಕೇಳದವರಿಲ್ಲ. ಉತ್ತರ ಇದ್ದರೂ ಕೊಡುವ ಮನಸ್ಸಿಲ್ಲ. ಶಿವ ಕಣ್ಣಿನ ಬೆಳಕು ಇನ್ನೂ ಇಟ್ಟಿದ್ದಾನೆ, ಓದುತ್ತೇನೆ. ಕೊನೆಯ ವರ್ಷ ನಲವತ್ತು ಪುಟಗಳ ಪ್ರಬಂಧ ಬರೆದು ಕಳಿಸಬೇಕಿತ್ತು. "ನಮ್ಮೂರ ಹೆಣ್ಣುಮಕ್ಕಳ ದಿನದ ದುಡಿಮೆ" ಎಂಬ ವಿಷಯ. ಮೂವತ್ತು ಪುಟ ಬರೆದಿದ್ದೆ, ಅಷ್ಟರಲ್ಲಿ ಲ್ಯಾಪ್‌ಟಾಪ್ ಟಕ್ ಟಕ್ ಎನ್ನತೊಡಗಿತು. ಒಂದು ಪುಟ ತೆರೆಯುವುದರೊಳಗೆ ನನ್ನ ರೊಟ್ಟಿ ಬಡಿಯುವ ಕೆಲಸ ಮುಗಿಯುತ್ತಿತ್ತು.

"ಅದನ್ನ ಗುಜರಿಗೆ ಹಾಕು. ಬಿ.ಎ.ನೂ ಸಾಕು ಬಿಡು" ಎಂದರು ಯಜಮಾನರು.

ಭಾವನವರು ಲ್ಯಾಪ್‌ಟಾಪಿನ ಮೇಲೆ ಕಿವಿಯಿಟ್ಟು, ಹೊಟ್ಟೆಯುಬ್ಬರದ ಎತ್ತನ್ನು ಪರೀಕ್ಷಿಸುವಂತೆ ಆಲಿಸಿದರು. ಆಮೇಲೆ ಆಕಳಿನ ಕಡೆ ತಿರುಗಿದರು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನೊಡನೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಅದಕ್ಕೆ ನಾವಿಬ್ಬರೂ ಅಂಗಳದ ಆಕಳು ಗಂಗಿಗೆ ಹೇಳುತ್ತೇವೆ. ಇಷ್ಟು ವರ್ಷಗಳಲ್ಲಿ ಗಂಗಿ ಒಂದು ಮಾತನ್ನೂ ತಿರುಚಿಲ್ಲ. ಇದು ಶಿವನ ಸಣ್ಣ ಕರುಣೆಗಳಲ್ಲೊಂದು.

"ಗಂಗೀ, ಹಲ್ಲು ಹೋತಂತ ಎತ್ತ ಸಂತಿಗೆ ಹೊಡಿತಾರೇನು? ಒಳಗಿಂದಷ್ಟ ಬದಲ ಮಾಡಿದ್ರ ಇದು ಇನ್ನೂ ನಾಕ ವರ್ಷ ದುಡಿತೈತಿ ಅಂತ ಹೇಳು."

ಹೀಗೆ ನಾನು, ಯಜಮಾನರು, ಭಾವನವರು ಮೂವರೂ ಉಮದಿಗೆ ಬಂದು ವಿಜಯಪುರದ ಬಸ್ಸು ಹಿಡಿದೆವು. ಲ್ಯಾಪ್‌ಟಾಪ್ ನನ್ನ ಮಡಿಲಲ್ಲಿ, ಭಾವನವರ ಹೆಗಲ ಮೇಲೆ ಟವೆಲ್ಲು. ಅಂಗಡಿಯವರು ಒಳ್ಳೆಯ ಮನುಷ್ಯ. ಹಳೆಯ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಸವೆಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ, ಅದಕ್ಕೇ ಸದ್ದಿಲ್ಲ, ಓಟ ಜಾಸ್ತಿ ಎಂದು ತಿಳಿಸಿ ಎರಡು ತರಹದವನ್ನು ಮುಂದಿಟ್ಟರು. ಒಂದು ಚೂಯಿಂಗ್ ಗಮ್ಮಿನ ಪಟ್ಟಿಯಂತೆ ತೆಳ್ಳಗೆ. ಇನ್ನೊಂದು ಅಂಗೈಯಗಲದ ಡಬ್ಬಿ.

"ಸಣ್ಣದು ಜಾಸ್ತಿ ಓಡತೈತ್ರಿ" ಎಂದರು ಅಂಗಡಿಯವರು.

"ಹೊಟ್ಟಿ ಬೆನ್ನಿಗೆ ಹತ್ತೈತಿ. ಇದೇನ ದುಡಿತೈತ್ರಿ? ಅದನ್ನ ಕೊಡ್ರಿ" ಎಂದು ಭಾವನವರು ಡಬ್ಬಿಯನ್ನು ಹಿಡಿದರು.

ಅಂಗಡಿಯವರು ಲ್ಯಾಪ್‌ಟಾಪ್ ಬಿಚ್ಚಿ ನೋಡಿ ಪೆಚ್ಚಾದರು. ಸಣ್ಣದಕ್ಕೆ ಅದರೊಳಗೆ ಜಾಗವೇ ಇರಲಿಲ್ಲ, ಡಬ್ಬಿಯೇ ಹೊಂದುವಂಥದ್ದು. ಭಾವನವರು ಯಜಮಾನರ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ. ತಿಳಿಯದೆ ಸರಿ ಹೇಳಿದವರಿಗೆ ತಿಳಿದು ಹೇಳಿದವರಿಗಿಂತ ಜಂಬ ಜಾಸ್ತಿ.

ಆಮೇಲೆ ಹಲ್ಲು ನೋಡಿದರು. ಎಷ್ಟು ವರ್ಷ ಗ್ಯಾರಂಟಿ, ಬಿಸಿಯಾಗಿ ಒದೆಯುತ್ತದೆಯೋ ಹೇಗೆ ಎಂದು ವಿಚಾರಿಸಿದರು. ಕೊನೆಗೆ ಟವೆಲ್ಲನ್ನು ಅಂಗಡಿಯವರ ಕೈಮೇಲೆ ಹಾಸಿ, ಕೆಳಗಿಂದ ಅವರ ಬೆರಳು ಹಿಡಿದುಕೊಂಡರು. ಎತ್ತಿನ ಸಂತೆಯಲ್ಲಿ ದರ ಕುದುರುವುದು ಹೀಗೆಯೇ, ಬಾಯಲ್ಲಿ ಯಾರೂ ಹೇಳುವುದಿಲ್ಲ. ಅಂಗಡಿಯವರಿಗೆ ಏನು ತಿಳಿಯಬೇಕು?

"ಹಿರ್ಯಾರ, ಕೈ ಬಿಡ್ರಿ. ದರ ಡಬ್ಬಿ ಮ್ಯಾಲ ಬರದೈತಿ."

"ಎತ್ತಿನ ಬೆನ್ನ ಮ್ಯಾಲ ಯಾರ ದರ ಬರಿತಾರ್ರಿ? ಬೆರಳ ಹಿಡೀರಿ."

ಹೇಗೋ ವ್ಯಾಪಾರ ಮುಗಿಯಿತು. ಹಳೆಯ ಡಿಸ್ಕಿನಲ್ಲಿದ್ದದ್ದೆಲ್ಲ ಹೊಸದಕ್ಕೆ ಇಳಿಯಿತು, ನನ್ನ ಮೂವತ್ತು ಪುಟಗಳೂ ಉಳಿದವು. ನಾನು ಅಂಗಡಿಯಲ್ಲೇ ಕೈ ಮುಗಿದೆ. ಹೊರಡುವಾಗ ಅಂಗಡಿಯವರು ನಾಲ್ಕು ಮಾತು ಹೇಳಿದರು: ಪೂರ್ತಿ ತುಂಬದೆ ಕಾಲುಭಾಗ ಖಾಲಿ ಬಿಡಿ; ಬಿಸಿಯಾಗಲು ಬಿಡಬೇಡಿ; ಇನ್ನೊಂದು ಪ್ರತಿ ಬೇರೆ ಕಡೆ ಇಡಿ; ಬರೆದಷ್ಟೂ ಇದು ಸವೆಯುತ್ತದೆ, ಆದರೆ ನಿಮ್ಮ ಆಯುಷ್ಯದಲ್ಲಿ ಸವೆಯುವಷ್ಟು ನೀವು ಬರೆಯುವುದಿಲ್ಲ.

ಈ ನಾಲ್ಕು ಮಾತು ನಮ್ಮ ಮನೆಯಲ್ಲಿ ಶಾಸ್ತ್ರವಾಗಿಬಿಟ್ಟವು. ಇನ್ನೊಂದು ಪ್ರತಿಯ ಪೆನ್‌ಡ್ರೈವು ಭಾವನವರ ಎಲೆಯಡಿಕೆ ಸಂಚಿ ಸೇರಿತು. ನಾನು ಬರೆಯಲು ಕುಳಿತರೆ ಅಂಗಳದಿಂದ ಧ್ವನಿ: "ಗಂಗೀ, ಮೊದಲ ವಿಚಾರ ಮಾಡಿ ಆಮ್ಯಾಲ ಒತ್ತಂತ ಹೇಳು. ಅಳಿಸಿ ಅಳಿಸಿ ಬರದ್ರ ಸವಿತೈತಿ." ನಾನು ಪಾಟಿಯ ಮೇಲೆ ಬಳಪದಿಂದ ಬರೆದು, ತಿದ್ದಿ, ಆಮೇಲೆ ಲ್ಯಾಪ್‌ಟಾಪಿಗೆ ಇಳಿಸತೊಡಗಿದೆ. ನಗಬೇಡಿ. ಅದರಿಂದ ನನ್ನ ಬರಹ ಸುಧಾರಿಸಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಭಾವನವರು ಲ್ಯಾಪ್‌ಟಾಪಿಗೂ ಸೋಮವಾರ ಬಿಡುವು ಕೊಟ್ಟರು. ಭಾನುವಾರ ಸಂಜೆಯಾದರೆ ಚಾರ್ಜರನ್ನು ಕಳಚಿ, ನೊಗದ ಪಕ್ಕದ ಗೂಟಕ್ಕೆ ನೇತುಹಾಕುವರು. ಬ್ಯಾಟರಿ ಎಂದೋ ಸತ್ತಿದೆ. ಚಾರ್ಜರ್ ಇಲ್ಲದೆ ಅದು ಉಸಿರಾಡದು. ವಾರಕ್ಕೊಂದು ದಿನ, ಹೋಗಲಿ ಎಂದು ಸುಮ್ಮನಿದ್ದೆ.

ಪ್ರಬಂಧ ಕಳಿಸುವ ಕಡೆಯ ದಿನ ಸೋಮವಾರವೇ ಬಂತು. ನಲವತ್ತನೆಯ ಪುಟ ಇನ್ನೂ ಪಾಟಿಯ ಮೇಲಿತ್ತು. ಭಾನುವಾರ ಮುಗಿಸೋಣವೆಂದರೆ ಬೆಳಿಗ್ಗೆ ಹೋದ ಕರೆಂಟು ಕತ್ತಲಾದರೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಬಂತು. ಚಾರ್ಜರ್ ಗೂಟದಲ್ಲಿತ್ತು, ಗೂಟದ ಕೆಳಗೆ ಭಾವನವರು.

"ಒಂದಿನ ತಡಾ ಆದ್ರ ಏನಾಕ್ಕೈತಿ?" ಎಂದರು ಯಜಮಾನರು. ಏನಾಗುತ್ತದೆ? ವರ್ಷ ಹೋಗುತ್ತದೆ. ನನ್ನಂಥವಳಿಗೆ ಇನ್ನೊಂದು ವರ್ಷ ಯಾರು ಕೊಡುತ್ತಾರೆ?

ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಳಕ್ಕೆ ಬಂದೆ. ಗಂಗಿಯ ಮುಂದೆ ನಿಂತೆ.

"ಗಂಗವ್ವಾ, ಭಾವಾರಿಗೆ ಹೇಳು. ಇವತ್ತ ನಾ ಹೂಡಾಕಿ. ಎತ್ತಿಗೆ ಸೋಮಾರ ಬಿಡುವ ಕೊಟ್ರಿ, ಚಲೋ ಆತು. ಡಬ್ಬಿಗೂ ಕೊಟ್ರಿ, ಅದೂ ಆತು. ಈ ಮನಿಗೆ ಬಂದು ಇಪ್ಪತ್ತೈದ ವರ್ಷ ಆತು, ನನಗ ಯಾವ ಸೋಮಾರ ಬಿಡುವ ಕೊಟ್ರಿ ಅಂತ ಕೇಳು."

ಗಂಗಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಯಜಮಾನರು ಕೆಮ್ಮುತ್ತಾ ಹೊಲದ ಕಡೆ ಹೋದರು. ಭಾವನವರು ಗೂಟದ ಕಡೆ ತಿರುಗಿದರು. ಆಮೇಲೆ ಚಾರ್ಜರ್ ಇಳಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಹೊಸ್ತಿಲ ಮೇಲೆ ಇಟ್ಟರು.

"ಪಾಪ ಬಂದ್ರ ನನಗ ಬರ್ಲಿ, ಗಂಗಿ. ಹೂಡಂತ ಹೇಳು."

ಕುಳಿತೆ. ಕೊನೆಯ ಪುಟ ಇಳಿಸಿ, ತಪ್ಪು ತಿದ್ದಿ, ಕಳಿಸುವ ಗುಂಡಿ ಒತ್ತಿದೆ. ನೆಟ್‌ವರ್ಕ್ ಮೂರು ಸಲ ಹೋಯಿತು, ನಾಲ್ಕು ಸಲ ಬಂತು. ಮಧ್ಯಾಹ್ನದ ಹೊತ್ತಿಗೆ "ತಲುಪಿದೆ" ಎಂದು ತೋರಿಸಿತು.

ಹೇಳೋಣವೆಂದು ಹೊರಗೆ ಬಂದೆ. ಭಾವನವರು ಕಿಟಕಿಯ ಬದಿಯಲ್ಲಿ ಬರಿಗಾಲಲ್ಲಿ ನಿಂತಿದ್ದರು. ಬೆಳಗಿನಿಂದಲೂ ನಿಂತೇ ಇದ್ದಾರೆಂದು ಮಂಡಿ ಹಿಡಿದುಕೊಂಡ ರೀತಿಯಲ್ಲೇ ತಿಳಿಯುತ್ತಿತ್ತು. ಹಿಂದೆಯೇ ಕಟ್ಟೆಯಿತ್ತು.

"ಗಂಗವ್ವಾ, ಹೋತಂತ ಹೇಳು. ಮತ್ತ ಯಾಕ ಕುಂದರಲಿಲ್ಲಂತ ಕೇಳು."

ಭಾವನವರು ಗಂಗಿಯ ಬೆನ್ನು ಸವರಿದರು.

"ಒಳಗ ಒಬ್ಬಾಕಿ ಹೂಡಿದ್ಲು. ಹೂಡಿದ್ಮ್ಯಾಲ ನೇಗಲ ಹಿಂದಿನಾಂವ ಕುಂದರತಾನೇನ? ನಡೀಬೇಕು. ಇಲ್ಲಿ ನಡಿಯಾಕ ಜಾಗಾ ಇರಲಿಲ್ಲ, ನಿಂತೆ."

ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಭಾವನವರ ಮುಂದೆ ಎಳೆದುಕೊಳ್ಳುವುದು ನಮ್ಮಲ್ಲಿ ಪದ್ಧತಿಯೇ. ಅವತ್ತು ಸ್ವಲ್ಪ ಹೆಚ್ಚು ಕೆಳಗೆ ಎಳೆದುಕೊಂಡದ್ದು ಯಾರಿಗೂ ತಿಳಿಯಲಿಲ್ಲ.